ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳೋರು ಮೊದಲು ವಾಟ್ ಕೇಳಿ
ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿಗೆ ಹೊರಡೋ ಮುಂಚೆ ಒಂದು ಮಾತು: ಗ್ರಾಫಿಕ್ಸ್ ಚಿಪ್‌ನ ಹೆಸರಷ್ಟೇ ನೋಡಿ ದುಡ್ಡು ಕೊಡಬೇಡಿ. ಆರ್‌ಟಿಎಕ್ಸ್ 4060 ಅನ್ನೋ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ 35 ವಾಟ್‌ನಿಂದ 115 ವಾಟ್‌ವರೆಗೂ ಬರುತ್ತೆ; ವಾಟ್ ಕಮ್ಮಿಯಾದಷ್ಟೂ ಆಟದ ವೇಗವೂ ಕಮ್ಮಿ. ತೆಳ್ಳಗಿನ ಮಾಡೆಲ್‌ನಲ್ಲಿ ಬಿಸಿ ಹೊರಹೋಗೋಕೆ ಜಾಗ ಕಮ್ಮಿ, ಅದಕ್ಕೇ ಸಾಮಾನ್ಯವಾಗಿ ವಾಟ್ ಇಳಿಸಿರ್ತಾರೆ. ‘ಟಿಜಿಪಿ ಎಷ್ಟು?’ ಅಂತ ಕೇಳಿ, ಅಂದರೆ ಗ್ರಾಫಿಕ್ಸ್‌ಗೆ ಸಿಗೋ ಗರಿಷ್ಠ ವಾಟ್. ಅಂಗಡಿಯವರು ತಡವರಿಸಿದರೆ ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡ್ಕೊಳ್ಳಿ.

ದಿನಾ ಮೆಟ್ರೋದಲ್ಲಿ ನಿಂತು ಹೋಗೋರು ಅಡಾಪ್ಟರ್ ತೂಕವನ್ನೂ ಸೇರಿಸಿ. 2.4 ಕೆ.ಜಿ. ಲ್ಯಾಪ್‌ಟಾಪ್ ಜೊತೆ 230 ವಾಟ್‌ನ ಆ ಇಟ್ಟಿಗೆಯೂ ಬ್ಯಾಗಿಗೆ ಬಿದ್ದರೆ ಹತ್ತತ್ತಿರ 3 ಕೆ.ಜಿ. ಟೈಪ್-ಸಿ ಪೋರ್ಟ್‌ನಲ್ಲಿ ಚಾರ್ಜ್ ಆಗೋ ಮಾಡೆಲ್ ಆದರೆ ಆಫೀಸ್ ಕೆಲಸಕ್ಕೆ 100 ವಾಟ್ ಚಾರ್ಜರ್ ಸಾಕು. ಆಟಕ್ಕೆ ಸಾಲದು, ಪ್ಲಗ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತೆ.

ಮುಚ್ಚಳವನ್ನು ಒಂದು ಮೂಲೆ ಹಿಡಿದು ತೆರೆದು ನೋಡಿ. ಪರದೆ ತಿರುಚಿದ ಹಾಗಾದರೆ ಬಿಡಿ, ಹಿಂಜ್ ಸ್ಕ್ರೂ ಕೂತಿರೋ ಪ್ಲಾಸ್ಟಿಕ್ ಮುಂದೆ ಬಿರುಕು ಬಿಡೋ ಸಂಭವ ಜಾಸ್ತಿ.

ನಮ್ಮ ರಸ್ತೆ ಧೂಳಿಗೆ ಆರು ತಿಂಗಳಿಗೊಮ್ಮೆ ಫ್ಯಾನ್ ಕ್ಲೀನ್ ಮಾಡಿಸಿ. ನೀವೇ ಬ್ಲೋವರ್ ಹಿಡಿದರೆ ರೆಕ್ಕೆ ತಿರುಗದಂತೆ ಕಡ್ಡಿ ಒತ್ತಿಡಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗಬಹುದು. ಸದಾ ಪ್ಲಗ್‌ನಲ್ಲೇ ಇರೋದಾದರೆ ಬ್ಯಾಟರಿ ಬಾಳಿಕೆಗೆ ಚಾರ್ಜ್ ಮಿತಿ 80% ಇಡಿ.