ಸೈನಿಕ ದಂಪತಿಯ ವಿಚ್ಛೇದನ: ಪಿಂಚಣಿ, ಬಂಗಾರ, ಹೊಲದ ಲೆಕ್ಕ ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಸೇನೆಗೆ ಹೋದವರ ಸಂಸಾರ ಮುರಿದಾಗ ಹೆಣ್ಣಿನ ಕಡೆಯವರು ಸಾಮಾನ್ಯವಾಗಿ ಮೊದಲು ಕೇಳುವುದು, ಪಿಂಚಣಿಯಲ್ಲಿ ಅರ್ಧ ಪಾಲು ಬರುತ್ತದೆಯೇ ಎಂದು. ಬರುವುದಿಲ್ಲ. ಮದುವೆಯಾದ ಮೇಲೆ ಗಳಿಸಿದ್ದನ್ನೆಲ್ಲ ಸಮಪಾಲು ಮಾಡುವ ಕಾನೂನು ನಮ್ಮಲ್ಲಿಲ್ಲ; ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದೇ. ಹೆಂಡತಿಯ ಹಕ್ಕು ಜೀವನಾಂಶ, ಸ್ತ್ರೀಧನ ಮತ್ತು ಜಂಟಿ ಹೆಸರಿನ ಆಸ್ತಿಯ ಮೂಲಕ ಬರುತ್ತದೆ. ಇಲ್ಲಿ ಹೇಳುವುದು ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರ ವಿಚಾರ.

ಅರ್ಜಿ ಹಾಕುವ ಮುನ್ನ ಕಾಗದಪತ್ರಗಳನ್ನು ಕೂಡಿಸಿಕೊಳ್ಳಬೇಕು: ಬಂಗಾರದ ರಸೀದಿ, ಮದುವೆಯ ಫೋಟೊ, ಗಂಡನ ಸಂಬಳದ ಚೀಟಿ ಅಥವಾ ಪಿಂಚಣಿ ಆದೇಶದ ಪ್ರತಿ, ಹೊಲದ ಪಹಣಿ, ನಿವೇಶನದ ಋಣಭಾರ ಪತ್ರ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್–ನೇಹಾ ಪ್ರಕರಣದಲ್ಲಿ ನೀಡಿದ ತೀರ್ಪಿನಂತೆ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದರಲ್ಲಿ ಮುಚ್ಚಿಟ್ಟದ್ದನ್ನು ಹೊರತೆಗೆಯಲು ಈ ಕಾಗದಗಳೇ ಆಧಾರ. ಪಿತ್ರಾರ್ಜಿತ ತೊಗರಿ ಹೊಲದಲ್ಲಿ ವಿಚ್ಛೇದನದಿಂದ ಹೆಂಡತಿಗೆ ಪಾಲು ಹುಟ್ಟುವುದಿಲ್ಲ, ಆದರೆ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ, ಮತ್ತು ಜೀವನಾಂಶ ನಿಗದಿಪಡಿಸುವಾಗ ಆ ಹೊಲದ ಆದಾಯವೂ ಲೆಕ್ಕಕ್ಕೆ ಬರುತ್ತದೆ.

ಪ್ರಕರಣವನ್ನು ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹೂಡಬಹುದು. ಗಂಡ ಜಮ್ಮುವಿನಲ್ಲಿದ್ದಾನೆಂದು ಅಲ್ಲಿಗೆ ಓಡಬೇಕಿಲ್ಲ. ನೋಟಿಸ್ ಅವನ ಕಮಾಂಡಿಂಗ್ ಆಫೀಸರ್ ಮೂಲಕ ಜಾರಿಯಾಗುತ್ತದೆ. ವಕೀಲರ ಶುಲ್ಕ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಸೈನಿಕ ಗಡಿಯ ಕಠಿಣ ಕರ್ತವ್ಯದಲ್ಲಿದ್ದರೆ 1925ರ ಭಾರತೀಯ ಸೈನಿಕರ (ವ್ಯಾಜ್ಯ) ಕಾಯ್ದೆಯಂತೆ ವಿಚಾರಣೆ ಮುಂದೂಡಲು ಅವಕಾಶವಿರುವುದರಿಂದ, ಮಧ್ಯಂತರ ಜೀವನಾಂಶದ ಅರ್ಜಿಯನ್ನು ಮೊದಲ ದಿನವೇ ಹಾಕುವುದು ಜಾಣತನ.

1950ರ ಸೇನಾ ಕಾಯ್ದೆಯಂತೆ ಸೇವೆಯಲ್ಲಿರುವ ಸೈನಿಕನ ಸಂಬಳವನ್ನು ಸಿವಿಲ್ ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ. ಆದರೆ ಅದೇ ಕಾಯ್ದೆ, ಹೆಂಡತಿ ಮಕ್ಕಳಿಗಾಗಿ ಸಂಬಳದಲ್ಲಿ ಕಡಿತ ಮಾಡುವ ಅಧಿಕಾರವನ್ನು ಸೇನೆಗೇ ಕೊಟ್ಟಿದೆ. ಹೆಂಡತಿ ಕಮಾಂಡಿಂಗ್ ಆಫೀಸರ್‌ಗೆ ಬರೆದರೆ, ಸೇನಾ ಆದೇಶದ ಮಿತಿಯೊಳಗೆ ಅವಳಿಗೆ ಸಂಬಳದ ಶೇ 22, ಪ್ರತಿ ಮಗುವಿಗೆ ಶೇ 5.5, ಒಟ್ಟು ಶೇ 33ರವರೆಗೆ ಮಂಜೂರಾಗಬಹುದು. ಬೀದರ್ ವಾಯುನೆಲೆಯಲ್ಲಿರುವವರಿಗೆ ವಾಯುಪಡೆ ಕಾಯ್ದೆಯಲ್ಲಿ ಇಂಥದೇ ಏರ್ಪಾಡಿದೆ. ನ್ಯಾಯಾಲಯದ ಜೀವನಾಂಶ ಬೇರೆ ದಾರಿ. ಎರಡನ್ನೂ ಕೇಳಬಹುದು, ಒಂದರಲ್ಲಿ ಬರುವುದನ್ನು ಇನ್ನೊಂದರಲ್ಲಿ ತಿಳಿಸಬೇಕು.

ತವರಿನವರು ಕೊಟ್ಟ ಬಂಗಾರ, ಪಾತ್ರೆ, ಉಡುಗೊರೆ ಸ್ತ್ರೀಧನ. ಅದು ಹೆಂಡತಿಯ ಸ್ವಂತದ್ದು, ಪಾಲಿನ ಮಾತೇ ಬರುವುದಿಲ್ಲ. ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಡಿ ಡಿಕ್ರಿಯಲ್ಲೇ (ನ್ಯಾಯಾಲಯದ ಅಂತಿಮ ತೀರ್ಮಾನದ ಆದೇಶ) ಆದೇಶ ಕೇಳಬೇಕು.

ಇನ್ನು ಎಲ್ಲಕ್ಕಿಂತ ತೂಕದ ಮಾತು. ವಿಚ್ಛೇದನದ ಡಿಕ್ರಿಯಾದರೆ, ಗಂಡ ಮುಂದೆ ತೀರಿಕೊಂಡಾಗ ಬರಬೇಕಿದ್ದ ಕುಟುಂಬ ಪಿಂಚಣಿಗೆ ಹೆಂಡತಿ ಅರ್ಹಳಲ್ಲ, ಸೇನೆಯ ವೈದ್ಯಕೀಯ ಸೌಲಭ್ಯವೂ ಕ್ಯಾಂಟೀನ್ ಕಾರ್ಡೂ ನಿಲ್ಲುತ್ತವೆ. ಮಕ್ಕಳ ಅರ್ಹತೆ ನಿಯಮದಂತೆ ಉಳಿಯುತ್ತದೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ವೇತನ 60,000 ರೂಪಾಯಿ ಇದ್ದರೆ ತಿಂಗಳಿಗೆ 18,000, ಅದರ ಮೇಲೆ ತುಟ್ಟಿಭತ್ಯೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಹಿರಿಯರು ಕೂತು ‘ಐದು ಲಕ್ಷಕ್ಕೆ ಮುಗಿಸಿಬಿಡಿ’ ಎಂದಾಗ ಹೆಣ್ಣುಮಗಳು ಕಳೆದುಕೊಳ್ಳುವ ಈ ಮೊತ್ತವನ್ನು ಯಾರಾದರೂ ಕಾಗದದ ಮೇಲೆ ಬರೆದು ತೋರಿಸಲೇಬೇಕು. ಈ ಲೆಕ್ಕವಿಲ್ಲದೆ ಸಹಿ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ನ್ಯಾಯಾಂಗ ಪ್ರತ್ಯೇಕತೆಯಲ್ಲಿ, ಅಂದರೆ ವಿಚ್ಛೇದನವಿಲ್ಲದೆ ಬೇರೆ ಇರಲು ನ್ಯಾಯಾಲಯ ಕೊಡುವ ಆದೇಶದಲ್ಲಿ, ಮದುವೆ ಉಳಿಯುವುದರಿಂದ, ವಯಸ್ಸಾದವರು ಆ ದಾರಿಯನ್ನೂ ವಕೀಲರ ಹತ್ತಿರ ವಿಚಾರಿಸಬೇಕು.

ಡಿಕ್ರಿ ಬಂದ ಬಳಿಕ ಅದರ ದೃಢೀಕೃತ ಪ್ರತಿಯನ್ನು ಯೂನಿಟ್‌ಗೆ ಕೊಟ್ಟು, ಪಾರ್ಟ್ ಟು ಆರ್ಡರ್ (ಸೈನಿಕನ ಕುಟುಂಬದ ವಿವರದ ಬದಲಾವಣೆ ದಾಖಲಿಸುವ ಯೂನಿಟ್‌ನ ಆದೇಶ) ಮೂಲಕ ರೆಕಾರ್ಡ್ಸ್ ಕಚೇರಿಯಲ್ಲಿ ದಾಖಲಿಸಬೇಕು. ಭವಿಷ್ಯ ನಿಧಿ ಮತ್ತು ಗುಂಪು ವಿಮೆಯ ನಾಮನಿರ್ದೇಶನವನ್ನು ಸೈನಿಕನೇ ಬದಲಿಸಬೇಕು. ತಾಯಿ ತನ್ನ ಮಕ್ಕಳ ಹೆಸರು, ಜನ್ಮದಿನಾಂಕ ಆ ದಾಖಲೆಯಲ್ಲಿ ಸರಿಯಾಗಿವೆಯೇ ಎಂದು ಲಿಖಿತವಾಗಿ ಕೇಳಿ, ಉತ್ತರದ ಪ್ರತಿಯನ್ನು ಡಿಕ್ರಿಯ ಜೊತೆಗೇ ಇಟ್ಟುಕೊಳ್ಳಬೇಕು.