ಕಳಚುತ್ತಿದ್ದ ಟಂಗ್‌ಸ್ಟನ್ ಲೇಪನ ಕೊನೆಗೂ ನಿಂತಿತು

ಐದನೆಯ ತುಂಡೂ ಹಾಳಾಯಿತು. ಕುಲುಮೆಯಿಂದ ತೆಗೆದಾಗ ಮೂಲೆಯ ಲೇಪನ ಹಪ್ಪಳದಂತೆ ಎದ್ದು ನಿಂತಿತ್ತು. ಉಗುರು ತಾಕಿಸಿದೊಡನೆ ಚಕ್ಕೆ ಕೈಗೆ ಬಂತು.

ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ ರಿಯಾಕ್ಟರಿನ ಒಳಗೋಡೆಗಾಗಿ ಉಕ್ಕಿನ ಮೇಲೆ ಪ್ಲಾಸ್ಮಾ ಸಿಂಪರಣೆಯಿಂದ (ಅತಿ ಬಿಸಿ ಅನಿಲದ ಧಾರೆಯಲ್ಲಿ ಲೋಹದ ಪುಡಿ ಕರಗಿಸಿ ಎರಚುವುದು) ಟಂಗ್‌ಸ್ಟನ್ ಲೇಪಿಸುವುದು ನನ್ನ ಕೆಲಸ. 3422 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ, ಕಣಗಳ ಹೊಡೆತಕ್ಕೆ ಸುಲಭವಾಗಿ ಸವೆಯದ ಲೋಹವದು. ಜರ್ಮನಿಯ ಆಸ್ಡೆಕ್ಸ್ ಅಪ್‌ಗ್ರೇಡ್ ಎಂಬ ಸಮ್ಮಿಳನ ಪ್ರಯೋಗ ಯಂತ್ರದ ಗೋಡೆ 2007ರ ಹೊತ್ತಿಗೆ ಪೂರ್ತಿ ಟಂಗ್‌ಸ್ಟನ್ ಹೊದ್ದಿತ್ತು.

ಹಿಡಿತ ಸಾಲದೆಂದು ಭಾವಿಸಿ ಉಕ್ಕಿನ ಮೈಯನ್ನು ಮತ್ತೆ ಮತ್ತೆ ಒರಟು ಮಾಡಿದೆ. ಎರಡು ತಿಂಗಳು ಹೋಯಿತು. ಕೊನೆಗೆ ತುಂಡನ್ನು ಅಡ್ಡಲಾಗಿ ಕತ್ತರಿಸಿ, ಹೊಳಪು ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟೆ. ಕೂದಲೆಳೆಯಷ್ಟು ಕಪ್ಪು ಬಿರುಕು. ಚೂಪಾದ ಅಂಚಿನಲ್ಲಿ ಹುಟ್ಟಿ, ಎರಡು ಲೋಹಗಳು ಕೂಡುವ ಗೆರೆಯಗುಂಟ ಒಳಗೆ ಹರಿದಿತ್ತು. ಉಳಿದ ನಾಲ್ಕರಲ್ಲೂ ಅದೇ ಚಿತ್ರ. ಬಿಸಿಗೆ ಉಕ್ಕು ಟಂಗ್‌ಸ್ಟನ್ನಿನ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಎಳೆದಾಟವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತಿತ್ತು.

ಹಾಗಾಗಿ ಆ ಗೆರೆಯನ್ನೇ ಅಳಿಸಿದೆ. ಉಕ್ಕಿನ ಪುಡಿಗೆ ಟಂಗ್‌ಸ್ಟನ್ ಪುಡಿ ಬೆರೆಸಿ, ಪದರದಿಂದ ಪದರಕ್ಕೆ ಟಂಗ್‌ಸ್ಟನ್ ಪಾಲನ್ನು ಕಾಲು, ಅರ್ಧ, ಮುಕ್ಕಾಲು ಎಂದು ಏರಿಸಿ, ಮೇಲೆ ಶುದ್ಧ ಟಂಗ್‌ಸ್ಟನ್ ಸಿಂಪಡಿಸಿದೆ. ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದೆ. ಸಿಂಪರಣೆಗೆ ಮೊದಲು ಉಕ್ಕನ್ನು ನಿರ್ವಾತದಲ್ಲೇ ಕಾಯಿಸಿದೆ; ಗಾಳಿಯಲ್ಲಿ ಕಾಯಿಸಿದರೆ ಮೈಮೇಲೆ ಆಕ್ಸೈಡ್ ಕೂರುತ್ತದೆ.

550 ಡಿಗ್ರಿಗೆ ನೂರು ಬಾರಿ ಕಾಯಿಸಿ ತಣಿಸಿದ ಮೇಲೂ ಮೂಲೆ ಏಳಲಿಲ್ಲ. ಉಗುರಿನಿಂದ ಗೀರಿ ನೋಡಿದೆ. ಸವೆದದ್ದು ಉಗುರೇ.