ಜೀಗುಜ್ಜೆ ಹಡಗಿಗೆ ಹಗ್ಗ ಕಟ್ಟಿದ್ದು

ಕಳೆದ ವರ್ಷ ಮಾರ್ಚ್‌ನ ಒಂದು ಭಾನುವಾರ ಕಾಫಿ ಲೋಟ ಹಿಡಿದುಕೊಂಡು ಮೇಜಿನ ಹತ್ತಿರ ಬಂದರೆ, ನಾನು ಕಟ್ಟುತ್ತಿದ್ದ ಮಾದರಿ ಹಡಗಿನ ಹಗ್ಗಗಳೆಲ್ಲ ಜೋತುಬಿದ್ದಿದ್ದವು. ಹಿಂದಿನ ಜುಲೈನಲ್ಲಿ, ಬೆಂಗಳೂರಿಗೆ ಜಡಿಮಳೆ ಹಿಡಿದಿದ್ದ ವಾರದಲ್ಲಿ, ವೀಣೆ ತಂತಿಯಂತೆ ಬಿಗಿದು ಕಟ್ಟಿದ್ದ ಹಗ್ಗಗಳವು. ಈಗ ನೋಡಿದರೆ ತಾರಸಿ ಮೇಲೆ ಬಟ್ಟೆ ಒಣಹಾಕುವ ದಾರದ ಹಾಗಿವೆ. ಮೊದಲ ಅನುಮಾನ ಮಗಳ ಮೇಲೆ. ‘ಅಪ್ಪಾ, ನಾನು ಆ ರೂಮಿಗೇ ಹೋಗಿಲ್ಲ’ ಅಂದಳು. ನಿಜವನ್ನೇ ಹೇಳಿದ್ದಳು. ಮಾಡಿದ್ದು ಹವೆ.

ಮಾದರಿಯ ಬಿಡಿಭಾಗಗಳ ಪೆಟ್ಟಿಗೆ, ಅಂದರೆ ಕಿಟ್ ಜೊತೆ ಬಂದಿದ್ದು ಹತ್ತಿಯ ದಾರ. ಹತ್ತಿ ತೇವ ಕುಡಿದರೆ ಎಳೆ ಉಬ್ಬುತ್ತದೆ, ಉಬ್ಬಿದಷ್ಟೂ ಹುರಿ ಗಿಡ್ಡವಾಗುತ್ತದೆ. ಬೇಸಿಗೆಯ ಒಣ ಗಾಳಿ ತಾಕಿದರೆ ತೇವ ಹೋಗಿ ಮತ್ತೆ ಉದ್ದವಾಗುತ್ತದೆ. ಮಳೆಯಲ್ಲಿ ಗಿಡ್ಡವಾಗಿದ್ದ ದಾರವನ್ನು ಬಿಗಿದು ಕಟ್ಟಿದ ಜಾಣ ನಾನೇ. ಎಂಟು ತಿಂಗಳ ಕೆಲಸವನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆಯಲು ಒಂದೂವರೆ ಗಂಟೆ ಸಾಕಾಯಿತು. ಮುಂದೆ ಹೇಳುವುದೆಲ್ಲ ಎರಡನೇ ಸಲ ಕಟ್ಟಿದ್ದರ ಕಥೆ.

ಹಡಗು ಯಾವುದು ಅಂತ ಹೇಳಲೇ ಇಲ್ಲ. ಬೌಂಟಿ. 1784ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಬೆಥಿಯಾ ಎಂಬ ಹೆಸರಲ್ಲಿ ಕಟ್ಟಿದ ಸರಕಿನ ಹಡಗು. 1787ರಲ್ಲಿ ಬ್ರಿಟಿಷ್ ನೌಕಾಪಡೆ ಕೊಂಡು ಹೆಸರು ಬದಲಿಸಿತು. ಟಹೀಟಿ ದ್ವೀಪದಿಂದ ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್ ಸಸಿ ತಂದು ವೆಸ್ಟ್ ಇಂಡೀಸ್‌ನ ತೋಟಗಳಲ್ಲಿ ನೆಡಬೇಕು, ಅಲ್ಲಿನ ಗುಲಾಮರಿಗೆ ಕಡಿಮೆ ಖರ್ಚಿನ ಊಟ ಆಗುತ್ತದೆ ಎಂಬುದು ಲೆಕ್ಕ. 1,015 ಸಸಿ ಹೇರಿಕೊಂಡು ಹೊರಟ ಹಡಗಿನಲ್ಲಿ 1789ರ ಏಪ್ರಿಲ್ 28ರಂದು ನಾವಿಕರ ದಂಗೆ ಎದ್ದಿತು. ದಂಗೆಕೋರರು ಕ್ಯಾಪ್ಟನ್ ಬ್ಲೈ ಮತ್ತು 18 ಜನರನ್ನು 23 ಅಡಿಯ ದೋಣಿಗೆ ಇಳಿಸಿ, ಸಸಿಗಳನ್ನು ಸಮುದ್ರಕ್ಕೆ ಎಸೆದರು. ನನ್ನ ಹೆಂಡತಿ ಪುತ್ತೂರಿನವಳು. ಜೀಗುಜ್ಜೆ ಪೋಡಿ (ಬಜ್ಜಿ) ಮಾಡುವ ಕೈ. ಈ ಕಥೆ ಕೇಳಿ ‘ಅಷ್ಟು ಜೀಗುಜ್ಜೆಯನ್ನು ನೀರಿಗೆ ಹಾಕಿದ್ರಾ ಮಾರಾಯ್ರೆ!’ ಅಂದಳು. ದಂಗೆಯ ಬಗ್ಗೆ ಒಂದು ಮಾತಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಇದು ಜೀಗುಜ್ಜೆ ಹಡಗು.

ನನ್ನದು 48ರಲ್ಲಿ ಒಂದು ಅಳತೆಯ ಮಾದರಿ. ಒಡಲು ಕಟ್ಟಿ, ಪಟ್ಟಿ ಕೂರಿಸಿ, ಉಜ್ಜಿ ನಯ ಮಾಡುವುದು ಮರದ ಕೆಲಸ ಬಲ್ಲ ಯಾರಿಗೂ ಒಗ್ಗುತ್ತದೆ. ಹಗ್ಗದ ಕೆಲಸಕ್ಕೆ ಬಂದಾಗಲೇ ಬಹಳ ಜನ ಬಿಟ್ಟುಬಿಡುವುದು. ಪ್ಲಾನ್ ಹಾಳೆ ಬಿಚ್ಚಿದರೆ ಜೇಡರ ಬಲೆ. ಮೊದಲ ಸಲ ನಾನು ‘12ನೇ ನಂಬರಿನ ದಾರ 47ನೇ ಪಿನ್ನಿಗೆ’ ಅಂತ ನಂಬರ್ ನೋಡಿ ಕಟ್ಟುತ್ತಾ ಹೋದೆ. ಪಿನ್ ಅಂದರೆ ಹಗ್ಗದ ತುದಿ ಬಿಗಿಯುವ ಗೂಟ. ದಾರ ಯಾವುದನ್ನು ಎಳೆಯುತ್ತದೆ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಎರಡನೇ ಸಲ ಅದೊಂದನ್ನೇ ಕೇಳಿಕೊಂಡು ಕಟ್ಟಿದೆ.

ಹಗ್ಗಗಳಲ್ಲಿ ಎರಡೇ ಜಾತಿ. ಶಾಮಿಯಾನದ ಕಂಬಕ್ಕೆ ನಾಲ್ಕೂ ಕಡೆ ಎಳೆದು ಗೂಟಕ್ಕೆ ಕಟ್ಟುತ್ತಾರಲ್ಲ, ಹಾಗೆ ಕೂವೆಮರಗಳನ್ನು, ಅಂದರೆ ಹಾಯಿ ಹೊರುವ ಕಂಬಗಳನ್ನು, ನೆಟ್ಟಗೆ ಹಿಡಿದಿಡುವ ಹಗ್ಗಗಳು ಒಂದು ಜಾತಿ. ಅಕ್ಕಪಕ್ಕ ಹಿಡಿಯುವವು ಶ್ರೌಡ್, ಮುಂದಕ್ಕೆ ಹಿಡಿಯುವವು ಸ್ಟೇ. ಇವಕ್ಕೆ ಡಾಂಬರು ಬಳಿಯುತ್ತಿದ್ದರು, ಆದ್ದರಿಂದ ಗಾಢ ಬಣ್ಣ. ಬಾವಿ ರಾಟೆಯ ಹಗ್ಗದಂತೆ ದಿನವೂ ಎಳೆದು ಬಿಡುವ ಹಗ್ಗಗಳು ಇನ್ನೊಂದು ಜಾತಿ. ಅವು ನಾರಿನ ತಿಳಿ ಬಣ್ಣದವು. ಕಿಟ್‌ಗಳಲ್ಲಿ ಕೊಡುವ ಕಡುಗಪ್ಪು ದಾರ ನನಗೆ ಹಿಡಿಸುವುದಿಲ್ಲ. ಆ ಕಾಲದ ಮರದ ಡಾಂಬರಿನ ಬಣ್ಣ ಸುಟ್ಟ ಕಾಫಿಬೀಜದ ಹಾಗಿರುತ್ತದೆ. ಚಿಕ್ಕಪೇಟೆಯ ದಾರದಂಗಡಿಯಲ್ಲಿ ಕಡುಕಂದು ಪಾಲಿಯೆಸ್ಟರ್ ದಾರ ಕೇಳಿದೆ. ಅಂಗಡಿಯವರು ಮೂರು ಛಾಯೆ ತೆಗೆದಿಟ್ಟು, ‘ಬ್ಲೌಸ್ ಪೀಸ್ ತಂದಿದ್ದೀರಾ ಸರ್, ಮ್ಯಾಚಿಂಗ್ ನೋಡೋಣ’ ಅಂದರು. ಪಾಲಿಯೆಸ್ಟರ್ ತೇವ ಕುಡಿಯುವುದಿಲ್ಲ. ಈಗ ಎರಡು ಮಳೆಗಾಲ ಕಳೆದಿವೆ, ಹಗ್ಗ ಅಲ್ಲಾಡಿಲ್ಲ.

ದಾರವನ್ನು ಹಾಗೇ ಕಟ್ಟಿದರೆ ದಾರದಂತೆಯೇ ಕಾಣುತ್ತದೆ, ಹಗ್ಗದಂತಲ್ಲ. ಹೊಸೆಯಬೇಕು. ನಮ್ಮ ತಾತ ಊರಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದದ್ದು ನೆನಪಿತ್ತು. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಬೇಕು, ಮೂರನ್ನೂ ಕೂಡಿಸಿ ಎದುರು ದಿಕ್ಕಿಗೆ ಬಿಡಬೇಕು. ಒಂದರ ತಿರುಚು ಇನ್ನೊಂದನ್ನು ಬಿಚ್ಚಲು ಬಿಡುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ 12 ವೋಲ್ಟಿನ ಗೇರ್ ಮೋಟಾರು, ಮೂರು ಚಿಕ್ಕ ಹಲ್ಲುಚಕ್ರ, ಮೂರು ಕೊಕ್ಕೆ ತಂದು ಹಲಗೆಗೆ ಕೂರಿಸಿದೆ. ಎಳೆಗಳ ಮಧ್ಯೆ ಮೂರು ಕಚ್ಚು ಕೊರೆದ ಮರದ ಬುಗುರಿ. ಬುಗುರಿ ಸರಿದ ಹಾಗೆ ಹಿಂದಿನಿಂದ ಹಗ್ಗ ಹುಟ್ಟುತ್ತಾ ಬರುವುದನ್ನು ನೋಡುವುದೇ ಚೆಂದ. ಹಾಲ್‌ನ ಒಂದು ಗೋಡೆಯಿಂದ ಇನ್ನೊಂದಕ್ಕೆ ಎಳೆದರೆ ಮನೆಯವರೆಲ್ಲ ಬಗ್ಗಿ ಓಡಾಡಬೇಕು, ಆದ್ದರಿಂದ ರಾತ್ರಿ ಹತ್ತರ ಮೇಲೆ ಮಾತ್ರ ಅಪ್ಪಣೆ.

ಇಲ್ಲೊಂದು ಎಡವಟ್ಟು. 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕೋಷ್ಟಕಗಳಲ್ಲಿ ಆ ಕಾಲದ ಹಡಗುಗಳ ಒಂದೊಂದು ಹಗ್ಗದ ಅಳತೆಯೂ ಇದೆ. 6 ಇಂಚು ಅಂತಿದ್ದ ಹಗ್ಗಕ್ಕೆ 152 ಮಿಲಿಮೀಟರನ್ನು 48ರಿಂದ ಭಾಗಿಸಿ, 3.2 ಮಿಲಿಮೀಟರ್ ದಪ್ಪಕ್ಕೆ ಹೊಸೆದೆ. ಹಡಗಿನ ಪಕ್ಕ ಹಿಡಿದರೆ ನೀರು ಸೇದುವ ಹಗ್ಗ! ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಆಗಿನವರು ಹಗ್ಗವನ್ನು ಸುತ್ತಳತೆಯಲ್ಲಿ ಹೇಳುತ್ತಿದ್ದರು. ದಪ್ಪ ಬೇಕಾದರೆ 3.14ರಿಂದ ಭಾಗಿಸಬೇಕು. ಸರಿಯಾದ ಲೆಕ್ಕ ಒಂದು ಮಿಲಿಮೀಟರ್. ಹೊಸೆದದ್ದರಲ್ಲಿ ಮಗಳು ಸೈಕಲ್ಲಿಗೆ ಬ್ಯಾಗ್ ಕಟ್ಟಿಕೊಂಡಳು.

ಶ್ರೌಡ್‌ನ ಕೆಳತುದಿಯಲ್ಲಿ ಡೆಡ್‌ಐ ಎಂಬ ಗುಂಡು ಮರದ ಬಿಲ್ಲೆ. ಮೂರು ತೂತು, ಥೇಟ್ ಸುಲಿದ ತೆಂಗಿನಕಾಯಿಯ ಮೂರು ಕಣ್ಣು. ಮೇಲೊಂದು, ಕೆಳಗೊಂದು, ಮಧ್ಯೆ ತೂತಿಂದ ತೂತಿಗೆ ಹೆಣೆದ ಸಣ್ಣ ಹಗ್ಗ. ಅದನ್ನು ಎಳೆದಷ್ಟೂ ಶ್ರೌಡ್ ಬಿಗಿ. ಮೇಲಿನ ಬಿಲ್ಲೆಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲದಿದ್ದರೆ ಮಾದರಿ ಎಷ್ಟೇ ಚೆನ್ನಾಗಿದ್ದರೂ ಹಲ್ಲುಹಲ್ಲಾಗಿ ಕಾಣುತ್ತದೆ. ಹಳೇ ಸೈಕಲ್ ಕಡ್ಡಿಯನ್ನು ಚೌಕದ ಮೂರು ಬದಿಯ ಹಾಗೆ ಬಗ್ಗಿಸಿ, ಎರಡು ತುದಿಯನ್ನೂ ಅರದಲ್ಲಿ ತೆಳ್ಳಗೆ ಮಾಡಿದೆ. ಒಂದು ತುದಿ ಕೆಳಗಿನ ಬಿಲ್ಲೆಯ ತೂತಿಗೆ, ಇನ್ನೊಂದು ಮೇಲಿನದಕ್ಕೆ. ಈ ಕಡ್ಡಿ ಹಿಡಿದಿಟ್ಟಷ್ಟು ಅಂತರದಲ್ಲೇ ಶ್ರೌಡನ್ನು ಬಿಲ್ಲೆಗೆ ಸುತ್ತಿ, ನಗರ್ತಪೇಟೆಯ ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಕೊಂಡ ಚಿಮಟದಿಂದ ತೆಳು ದಾರ ಮೂರು ಕಡೆ ಬಿಗಿದು, ಆಮೇಲೆ ಕಡ್ಡಿ ತೆಗೆದು ಹೆಣೆದೆ. ಮೊದಲ ಸಲ ಸೂಪರ್ ಗ್ಲೂ ಹಾಕಿದ್ದೆ. ಗಂಟಿನ ಸುತ್ತ ಬೂದಿ ಮೆತ್ತಿದಂತೆ ಬಿಳಿ ಕಟ್ಟಿತು, ದಾರ ಕಡ್ಡಿಯಾಗಿ ಪಟ್ಟೆಂದು ಮುರಿಯಿತು. ಈಗ ನೀರು ಬೆರೆಸಿದ ಫೆವಿಕಾಲ್, ಸೂಜಿ ಮೊನೆಯಲ್ಲಿ ಒಂದೇ ಹನಿ. ತಪ್ಪಾದರೆ ನೀರು ಮುಟ್ಟಿಸಿ ಬಿಚ್ಚಬಹುದು.

ಬಲಗಡೆಯದನ್ನೆಲ್ಲ ಮುಗಿಸಿ ಎಡಕ್ಕೆ ಹೋಗಬೇಡಿ. ನಾನು ಹಾಗೆ ಮಾಡಿದ್ದಕ್ಕೆ ಕೂವೆಮರ ಬಲಕ್ಕೆ ವಾಲಿತ್ತು. ಶ್ರೌಡ್‌ಗಳು ಜೋಡಿಯಾಗಿ ಮರದ ತಲೆಯನ್ನು ಬಳಸಿ ಬರುತ್ತವೆ. ಬಲಗಡೆ ಮುಂದಿನ ಜೋಡಿ, ಎಡಗಡೆ ಮುಂದಿನ ಜೋಡಿ, ಮತ್ತೆ ಬಲ, ಮತ್ತೆ ಎಡ. ನಿಜವಾದ ಹಡಗಿನಲ್ಲೂ ಇದೇ ಕ್ರಮ.

ಆಮೇಲೆ ಬಂತು ರ‍್ಯಾಟ್‌ಲೈನ್. ನಾವಿಕರು ಮೇಲೆ ಹತ್ತಲು ಶ್ರೌಡ್‌ಗಳಿಗೆ ಅಡ್ಡ ಕಟ್ಟುವ ಹಗ್ಗದ ಮೆಟ್ಟಿಲು. ಮೆಟ್ಟಿಲಿಂದ ಮೆಟ್ಟಿಲಿಗೆ 13ರಿಂದ 15 ಇಂಚು, ನನ್ನ ಅಳತೆಯಲ್ಲಿ ಏಳೂವರೆ ಮಿಲಿಮೀಟರ್ ಇಟ್ಟುಕೊಂಡೆ. ಗೆರೆ ಎಳೆದ ಕಾಗದವನ್ನು ಶ್ರೌಡ್‌ನ ಹಿಂದೆ ಸಿಕ್ಕಿಸಿ, ಗೆರೆಯ ಮೇಲೆ ಕಟ್ಟುತ್ತಾ ಹೋಗುವುದು. ಹಾದುಹೋಗುವ ಪ್ರತಿ ಶ್ರೌಡ್‌ಗೂ ಒಂದು ಗಂಟು. ಗಂಟುಗಳು ಸಾವಿರ ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಕಟ್ಟಿ ಮುಗಿಸಿದ ಹತ್ತು ಸಾಲು ನೋಡಿದರೆ ಶ್ರೌಡ್‌ಗಳು ಮಧ್ಯೆ ಒಳಕ್ಕೆ ಎಳೆದುಕೊಂಡು ಡಮರುಗದ ನಡುವಿನಂತಾಗಿದ್ದವು.

ಅಮ್ಮ ಪಕ್ಕದಲ್ಲೇ ಕೂತು ಸಂಜೆಯ ಮಲ್ಲಿಗೆ ಕಟ್ಟುತ್ತಿದ್ದಳು. ಕನ್ನಡಕದ ಮೇಲಿಂದ ನೋಡಿ ‘ಇದು ಹೂ ಕಟ್ಟೋ ಗಂಟೇ ತಾನೆ? ಅದಕ್ಯಾಕೋ ಇಷ್ಟು ಒದ್ದಾಡ್ತೀಯ?’ ಅಂದಳು. ಹೌದಲ್ಲ! ಎರಡು ಸುತ್ತು, ಸುತ್ತಿನಡಿಯಲ್ಲೇ ತುದಿ ಸಿಕ್ಕಿಕೊಳ್ಳುವುದು. ವ್ಯತ್ಯಾಸ ಒಂದೇ. ಹೂವಿನ ತೊಟ್ಟಿಗೆ ಕೊನೆಯಿದೆ, ಬೆರಳಲ್ಲಿ ತಿರುವಿದ ಕುಣಿಕೆಯನ್ನು ಮೇಲಿಂದ ಇಳಿಸಿ ಎಳೆದರೆ ಆಯಿತು. ಶ್ರೌಡ್‌ನ ಎರಡು ತುದಿಯೂ ಬಂದ್, ಆದ್ದರಿಂದ ಸೂಜಿಯಲ್ಲೇ ಸುತ್ತಿ ತರಬೇಕು. ಅಮ್ಮ ಸೂಜಿ ಕಿತ್ತುಕೊಂಡು ಒಂದು ಸಾಲು ಕಟ್ಟಿದಳು. ಶ್ರೌಡ್ ಅಲ್ಲಾಡಲೇ ಇಲ್ಲ. ‘ತೊಟ್ಟು ಹಿಸುಕಬಾರದು ಕಣೋ, ಹೂ ಬಾಡತ್ತೆ. ಗಂಟು ಕೂತ್ಕೊಂಡ್ರೆ ಸಾಕು.’ ಗಂಟನ್ನಷ್ಟೇ ಬಿಗಿಯಬೇಕು, ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗುವ ದಾರವನ್ನು ಎಳೆಯಬಾರದು. ನಾನು ಎರಡನ್ನೂ ಒಟ್ಟಿಗೆ ಎಳೆಯುತ್ತಿದ್ದೆ. ಮುಂದಿನ ಕೂವೆಮರದ ಎಡಬದಿ ಪೂರ್ತಿ ಅಮ್ಮನ ಕೈಕೆಲಸ. ಹತ್ತಿರ ಬಂದು ನೋಡಿದವರಿಗೆ ಯಾವುದು ಅವಳದು, ಯಾವುದು ನನ್ನದು ಅಂತ ಈಗಲೂ ಗೊತ್ತಾಗುತ್ತದೆ.

ಹಾಯಿ ನಾನು ಹಾಕಲಿಲ್ಲ. ಈ ಅಳತೆಗೆ ಬಟ್ಟೆ ಎಷ್ಟು ತೆಳುವಾದರೂ ಗೋಣಿಚೀಲದಂತೆ ಕಾಣುತ್ತದೆ. ಆದರೆ ಹಾಯಿ ಇಲ್ಲ ಅಂದಮೇಲೆ ಯಾರ್ಡ್‌ಗಳು ಎಲ್ಲಿರಬೇಕು? ಯಾರ್ಡ್ ಅಂದರೆ ಹಾಯಿ ತೂಗುಹಾಕುವ ಅಡ್ಡಮರ. ಪೆಟ್ಟಿಗೆಯ ಮೇಲಿನ ಫೋಟೊದಲ್ಲಿ ಎಲ್ಲವೂ ತುತ್ತತುದಿಯಲ್ಲಿವೆ, ಮೊದಲ ಸಲ ನಾನೂ ಹಾಗೇ ಕಟ್ಟಿದ್ದೆ. ಎರಡನೇ ಸಲ ಹ್ಯಾಲ್‌ಯಾರ್ಡ್ ಹಗ್ಗವನ್ನು ಕೈಯಲ್ಲಿ ಹಿಡಿದಾಗ ಹೊಳೆಯಿತು. ಇದಿರುವುದೇ ಮೇಲಿನ ಯಾರ್ಡನ್ನು ಏರಿಸಲು. ಹಾಯಿ ಬಿಚ್ಚುವಾಗ ಏರಿಸುತ್ತಾರೆ, ಇಲ್ಲದಿದ್ದರೆ ಅದು ಕೆಳಗಿಳಿದು ಕೂರುತ್ತದೆ. ಅಷ್ಟು ಭಾರವನ್ನು ಸುಮ್ಮನೆ ಮೇಲೆ ಯಾರು ಇಡುತ್ತಾರೆ? ಇಳಿಸಿದೆ. ಯಾರ್ಡ್ ಇಳಿದಾಗ ಅದರ ತುದಿಗಳನ್ನು ಹಿಡಿಯುವ ಲಿಫ್ಟ್ ಹಗ್ಗಗಳು ಬಿಗಿಯಾದವು, ಹ್ಯಾಲ್‌ಯಾರ್ಡ್‌ನ ರಾಟೆಗಳು ದೂರ ಸರಿದವು. ಒಂದನ್ನು ಸರಿ ಮಾಡಿದರೆ ಉಳಿದವು ತಾವಾಗೇ ಸರಿಯಾಗುತ್ತಾ ಬಂದವು, ಪ್ಲಾನ್ ನೋಡುವ ಅಗತ್ಯವೇ ಕಡಿಮೆಯಾಯಿತು. ಬ್ಲೈ ಕೂಡ ಹೊರಡುವ ಮೊದಲು ಕೂವೆಮರಗಳು ಈ ಹಡಗಿಗೆ ಅತಿಯಾಯಿತು ಅಂತ ಗಿಡ್ಡ ಮಾಡಿಸಿದ್ದ. ಮೇಲಿನ ಭಾರದ ಚಿಂತೆ ಅವನಿಗೂ ಇತ್ತು.

ರಾಟೆಗಳನ್ನು ಯಾರ್ಡಿಗೂ ಕೂವೆಮರಕ್ಕೂ ಮೇಜಿನ ಮೇಲೇ ಕಟ್ಟಿ ಮುಗಿಸಿ, ಆಮೇಲೆ ಹಡಗಿಗೆ ಏರಿಸಿ. ಒಳಗಿನಿಂದ ಹೊರಕ್ಕೆ ಬನ್ನಿ. ಹೇಳುವವನು ನಾನೇ, ಆದರೂ ಆ 23 ಅಡಿಯ ದೋಣಿಯ ಮಾದರಿ ಚೆನ್ನಾಗಿ ಬಂದ ಸಂಭ್ರಮಕ್ಕೆ ಅದನ್ನು ಡೆಕ್ಕಿನ ಮಧ್ಯೆ ಅಂಟಿಸಿಬಿಟ್ಟೆ. ನಡುವಿನ ಕೂವೆಮರದ ಬುಡದಲ್ಲಿ ಇನ್ನೂ ಹನ್ನೊಂದು ಹಗ್ಗ ಬಿಗಿಯಬೇಕಿತ್ತು. ಬೆರಳೂ ಹೋಗದು, ಚಿಮಟವೂ ಹೋಗದು. ಬ್ಲೇಡಿನಿಂದ ಎಬ್ಬಿಸುವಾಗ ದೋಣಿಯ ಅಂಚು ಸೀಳಿತು. ಆ ಬದಿಯನ್ನು ನೋಡುವವರಿಂದ ಮರೆಗೆ ತಿರುಗಿಸಿಟ್ಟಿದ್ದೇನೆ.

ಹಿಂಬದಿಯ ದೊಡ್ಡ ಕ್ಯಾಬಿನ್ನಿನೊಳಗೆ ಸಸಿಯ ಕುಂಡಗಳೂ ಇವೆ. ಕ್ಯಾಪ್ಟನ್ನನ ಕೋಣೆಯನ್ನೇ ನರ್ಸರಿ ಮಾಡಿದ್ದರಲ್ಲ. ಸೀಮೆಸುಣ್ಣ ಕೆತ್ತಿ, ಕಾವಿ ಬಳಿದು, ಒಣಗಿದ ಓಮದ ಚೂರು ಅಂಟಿಸಿದೆ. ನಲವತ್ತು ಮಾಡುವಷ್ಟರಲ್ಲಿ ಸಾಕಾಯಿತು. ಮೇಲಿನ ಗಾಜಿನ ಕಿಂಡಿಯಿಂದ ಟಾರ್ಚ್ ಬಿಟ್ಟರೆ ಮಾತ್ರ ಕಾಣುತ್ತವೆ. ಬಂದ ನೆಂಟರಿಗೆಲ್ಲ ಹೆಂಡತಿಯೇ ಟಾರ್ಚ್ ಹಿಡಿದು ತೋರಿಸುತ್ತಾಳೆ.

ಈಗ ಸುರುಳಿಗಳ ಕೆಲಸ. ಪಿನ್ನಿಗೆ ಬಿಗಿದು ಮಿಕ್ಕ ಹಗ್ಗವನ್ನು ಸುತ್ತಿ ಅದೇ ಪಿನ್ನಿಗೆ ತೂಗುಹಾಕಿರುತ್ತಾರೆ. ಮಾದರಿಯಲ್ಲಿ ದಾರಕ್ಕೆ ಭಾರವಿಲ್ಲ, ಹಾಗಾಗಿ ಸುರುಳಿ ಸೆಟೆದು ನಿಲ್ಲುತ್ತದೆ. ಥರ್ಮಾಕೋಲ್ ತುಂಡಿಗೆ ಮೂರು ಗುಂಡುಸೂಜಿ ಚುಚ್ಚಿ, ಸುತ್ತಲೂ ಹಗ್ಗ ಬಳಸಿ, ತೆಳು ಫೆವಿಕಾಲ್ ನೀರು ಸವರುತ್ತೇನೆ. ಅರ್ಧ ಒಣಗಿದಾಗ ತೆಗೆದು ಪಿನ್ನಿಗೆ ಹಾಕಿ, ಚಿಮಟದಿಂದ ಕೆಳಕ್ಕೆ ಒತ್ತಿ, ಮೇಲಿನ ಮಡಿಕೆಯನ್ನು ಕಿರಿದು ಮಾಡಿ, ತಳವನ್ನು ಸ್ವಲ್ಪ ಅಗಲಿಸಿ, ಭಾರಕ್ಕೆ ಜಗ್ಗಿದಂತೆ ಕೂರಿಸಬೇಕು. ದಿನಕ್ಕೆ ನಾಲ್ಕು ಆಗುತ್ತವೆ. ಎಡಗಡೆಯದು ಮುಗಿದಿದೆ, ಬಲಗಡೆ ಇಪ್ಪತ್ತೆರಡು ಬಾಕಿ.